ಕಾರಿನ ಏಸಿ ಮತ್ತು ಮನೆ ಶೆಡ್ಡಿನ ಮೆಕ್ಯಾನಿಕ್ಕು

1939ರ ನವೆಂಬರಿನಲ್ಲಿ ಷಿಕಾಗೋದ ವಾಹನ ಪ್ರದರ್ಶನದಲ್ಲಿ ಪ್ಯಾಕರ್ಡ್ ಕಂಪನಿ ಏಸಿ ಕಾರನ್ನು ಜನರ ಮುಂದಿಟ್ಟಿತು. ಏಸಿಗೆಂದೇ 274 ಡಾಲರ್ ಹೆಚ್ಚುವರಿ ಬೆಲೆ. ಯಂತ್ರ ಹಿಂದಿನ ಸೀಟಿನ ಬೆನ್ನಿಗೆ ಕೂತು ಡಿಕ್ಕಿಯ ಅರ್ಧ ಜಾಗ ನುಂಗಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಏಸಿ ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು!

1954ರಲ್ಲಿ ನ್ಯಾಶ್ ಕಂಪನಿ ಇಡೀ ವ್ಯವಸ್ಥೆಯನ್ನು ಬಾನೆಟ್ಟಿನಡಿಗೆ ತಂದಿತು. ಏಸಿ ಅಗ್ಗವಾದಂತೆ ರಿಪೇರಿ ಅಮೆರಿಕದ ಮನೆ ಶೆಡ್ಡುಗಳಿಗೂ ಬಂತು. ಬಿಡಿಭಾಗದ ಅಂಗಡಿಯಲ್ಲಿ ಏಸಿಗೆ ತುಂಬುವ ಆರ್-12 ಗ್ಯಾಸಿನ ಪುಟ್ಟ ಡಬ್ಬಿ ಯಾರಿಗಾದರೂ ಸಿಗುತ್ತಿತ್ತು. ಹಳೇ ಗ್ಯಾಸು ತೆಗೆಯುವ ದಾರಿಯೂ ಸುಲಭ: ನಟ್ ಸಡಿಲಿಸಿದರೆ ಬುಸ್ಸೆಂದು ಗಾಳಿಗೆ ಹೋಗುತ್ತಿತ್ತು. ಗ್ಯಾರೇಜುಗಳೂ ಅದನ್ನೇ ಮಾಡುತ್ತಿದ್ದವು. ಬೆಂಕಿ ಹತ್ತದ, ವಾಸನೆಯಿಲ್ಲದ ಗ್ಯಾಸಿಗೆ ಯಾರು ಹೆದರುತ್ತಾರೆ?

ಹೆದರಬೇಕಿತ್ತು. ಇಂಥ ಅನಿಲಗಳು ಓಝೋನ್ ಪದರವನ್ನು ಸವೆಸುತ್ತವೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲಂಡ್ 1974ರಲ್ಲೇ ಬರೆದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ರಂಧ್ರ ಬಯಲಾಯಿತು, 1987ರಲ್ಲಿ ಈ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾಯಿತು. 1992ರ ಜುಲೈ 1ರಿಂದ ಅಮೆರಿಕದಲ್ಲಿ ರಿಪೇರಿ ವೇಳೆ ಆರ್-12 ಗಾಳಿಗೆ ಬಿಡುವುದು ಅಪರಾಧವಾಯಿತು. ಅದೇ ವರ್ಷದ ನವೆಂಬರಿನಿಂದ ಪುಟ್ಟ ಡಬ್ಬಿಯೂ ಪ್ರಮಾಣಪತ್ರವಿದ್ದ ಮೆಕ್ಯಾನಿಕ್ಕಿಗೆ ಮಾತ್ರ. ಹೊಸ ಕಾರುಗಳು ಆರ್-134ಎ ಎಂಬ ಬೇರೆ ಗ್ಯಾಸಿಗೆ ಹೊರಳಿದವು. ಅದರ ಡಬ್ಬಿ ಅಂಗಡಿಗೆ ಬಂತು, ಹವ್ಯಾಸಿಗಳೂ ಮರಳಿದರು.

ಹವ್ಯಾಸಿಯ ಕೆಲಸವನ್ನು ಹಗುರವಾಗಿ ನೋಡಬಾರದು. ಒತ್ತಡ ಮಾಪಕದ ನೀಲಿ ಪೈಪು ಏಸಿಯ ಕಡಿಮೆ ಒತ್ತಡದ ಕಡೆಗೆ, ಕೆಂಪು ಹೆಚ್ಚಿನ ಒತ್ತಡದ ಕಡೆಗೆ, ನಡುವಿನ ಹಳದಿ ವ್ಯಾಕ್ಯೂಮ್ ಪಂಪಿಗೆ. ಪಂಪು ಓಡುತ್ತ ಮಾಪಕದ ಮುಳ್ಳು ಸೊನ್ನೆಗಿಂತ ಕೆಳಗಿಳಿಯುತ್ತದೆ. ಒತ್ತಡ ಅಷ್ಟು ಕುಸಿದಾಗ ಒಳಗಿನ ತೇವ ಕೋಣೆಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಆ ತೇವ ಉಳಿದರೆ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ ಮಂಜುಗಟ್ಟುತ್ತದೆ, ಆಮ್ಲವಾಗಿ ಲೋಹ ತಿನ್ನುತ್ತದೆ. ಪಂಪು ನಿಲ್ಲಿಸಿ ವಾಲ್ವು ಮುಚ್ಚಿದ ಮೇಲೆ ಮುಳ್ಳು ಮೇಲೇರಿದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ತೇವ ಉಳಿದಿದೆ ಎಂದರ್ಥ.

ಆದರೆ ಪಂಪು ಗ್ಯಾಸನ್ನು ಹಿಡಿದಿಡುವುದಿಲ್ಲ, ಹೊರಗೆ ಉಗುಳುತ್ತದೆ. ಆರ್-134ಎ ಓಝೋನಿಗೆ ನಿರುಪದ್ರವಿ ಹೌದು. ಭೂಮಿ ಬಿಸಿಯೇರಿಸುವುದರಲ್ಲಿ ಮಾತ್ರ ನೂರು ವರ್ಷಗಳ ಲೆಕ್ಕಕ್ಕೆ ಕಾರ್ಬನ್ ಡೈಆಕ್ಸೈಡಿನ ಸುಮಾರು 1,400 ಪಟ್ಟು. ಹಾಗಾಗಿ ಮನೆಯಲ್ಲೇ ಏಸಿ ಬಿಚ್ಚುವವರು ಮೊದಲು ಗ್ಯಾಸು ಹಿಡಿದಿಡುವ ರಿಕವರಿ ಯಂತ್ರವಿರುವ ಗ್ಯಾರೇಜಿನಲ್ಲಿ ಹಳೇ ಗ್ಯಾಸು ತೆಗೆಸಿಕೊಂಡು ಬರಲಿ. ಪಂಪು, ಪೈಪುಗಳ ಕೆಲಸ ಆಮೇಲೆ ಶುರುವಾಗಲಿ.