ಉರಿಯೂತ ಎಂಬ ಪದ, ಹಿಮ್ಮಡಿಯ ನೋವು

ಕಳೆದ ವರ್ಷ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯತೊಡಗಿದಾಗ ನನಗೆ ಸಿಕ್ಕ ಚೀಟಿಯಲ್ಲಿ ಎರಡೇ ಮಾತಿತ್ತು: ಉರಿಯೂತ, ವಿಶ್ರಾಂತಿ. ಮೂರು ತಿಂಗಳು ಸುಮ್ಮನಿದ್ದೆ. ಮತ್ತೆ ಓಡಿದ ದಿನವೇ ನೋವು ಮರಳಿತು. ಆಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರು ಮೆಟ್ಟಿಲಿನ ಅಂಚಿನಲ್ಲಿ ನಿಲ್ಲಿಸಿ, "ಹಿಮ್ಮಡಿ ನಿಧಾನವಾಗಿ ಕೆಳಗಿಳಿಸಿ, ಸ್ವಲ್ಪ ನೋವಾದರೂ ಬಿಡಬೇಡಿ" ಎಂದರು. ನೋಯುವ ಜಾಗದ ಮೇಲೇ ಭಾರ ಹೇರುವ ಈ ಉಪಾಯ ಎಲ್ಲಿಂದ ಬಂತೆಂದು ಹುಡುಕಿದೆ.

ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯೇ ಸ್ನಾಯುರಜ್ಜು. ಅದರ ದೀರ್ಘಕಾಲದ ನೋವನ್ನು ವೈದ್ಯರು ಬಹುಕಾಲ ಟೆಂಡಿನೈಟಿಸ್ ಎಂದು ಕರೆದರು. 'ಐಟಿಸ್' ಎಂದರೆ ಉರಿಯೂತ. ಹೆಸರೇ ಚಿಕಿತ್ಸೆಯನ್ನೂ ಗೊತ್ತುಮಾಡಿತು: ವಿಶ್ರಾಂತಿ, ಮಾತ್ರೆ, ಸ್ಟೀರಾಯ್ಡ್ ಚುಚ್ಚುಮದ್ದು. ಆದರೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಉರಿಯೂತದ ಕೋಶಗಳಿಗಿಂತ ಹೆಚ್ಚಾಗಿ ಕಂಡದ್ದು ಕ್ರಮ ತಪ್ಪಿ ಕೆಟ್ಟ ಕೊಲಾಜನ್ ಎಳೆಗಳು. 1976ರಲ್ಲಿ ಇಟಲಿಯ ಪುಡ್ಡು ಮತ್ತು ಸಂಗಡಿಗರು ಇದನ್ನು ಟೆಂಡಿನೋಸಿಸ್ ಎಂದರು. ಉರಿಯೂತಕ್ಕೆ ಪಾತ್ರವೇ ಇಲ್ಲವೆಂದು ಇಂದಿನ ಸಂಶೋಧಕರು ಹೇಳುವುದಿಲ್ಲ. ಆದರೆ ಅದೊಂದೇ ಕಾರಣವೆಂಬ ನಂಬಿಕೆ ಅಲ್ಲಿಂದಲೇ ಸಡಿಲವಾಯಿತು.

1984ರಲ್ಲಿ ಕೆನಡಾದ ಸಾಂಡ್ರಾ ಕರ್ವಿನ್ ಮತ್ತು ವಿಲಿಯಂ ಸ್ಟಾನಿಷ್ ತಮ್ಮ ಪುಸ್ತಕದಲ್ಲಿ, ಸ್ನಾಯು ಉದ್ದವಾಗುತ್ತಲೇ ಭಾರ ಹೊರುವ ವ್ಯಾಯಾಮವನ್ನು ಮುಂದಿಟ್ಟರು. ಅದಕ್ಕೆ ಪ್ರಸಿದ್ಧಿ ತಂದವರು ಸ್ವೀಡನ್ನಿನ ಹಾಕನ್ ಆಲ್ಫ್ರೆಡ್‌ಸನ್. ತಮ್ಮದೇ ಹಿಮ್ಮಡಿ ನೋವಿಗೆ ಶಸ್ತ್ರಚಿಕಿತ್ಸೆ ಸಿಗದೆ, ರಜ್ಜು ಹರಿದೇ ಹೋಗಲೆಂದು ಅವರು ಭಾರ ಹೇರಿದರಂತೆ. ಹರಿಯುವ ಬದಲು ನೋವೇ ಹೋಯಿತಂತೆ. ಕ್ರೀಡಾವೈದ್ಯರು ಇದನ್ನು ಇಂದಿಗೂ ಹೇಳುತ್ತಾರೆ.

1998ರ ಅವರ ಪ್ರಬಂಧದಲ್ಲಿ 15 ಹವ್ಯಾಸಿ ಓಟಗಾರರಿದ್ದರು. ಮಂಡಿ ನೇರವಾಗಿಟ್ಟು ಒಮ್ಮೆ, ಬಾಗಿಸಿ ಒಮ್ಮೆ, ತಲಾ 15ರಂತೆ ಮೂರು ಸುತ್ತು, ದಿನಕ್ಕೆರಡು ಹೊತ್ತು: ಒಟ್ಟು 180 ಬಾರಿ, 12 ವಾರ. ನೋವು ತಗ್ಗಿದರೆ ಬೆನ್ನಿನ ಚೀಲಕ್ಕೆ ಇನ್ನಷ್ಟು ತೂಕ. ಹದಿನೈದು ಮಂದಿಯೂ ಓಟಕ್ಕೆ ಮರಳಿದರು. ಹಳೆಯ ಚಿಕಿತ್ಸೆ ಪಡೆದಿದ್ದ ಇನ್ನೊಂದು ಗುಂಪಿನ ಹದಿನೈದು ಮಂದಿಗೂ ಕೊನೆಗೆ ಶಸ್ತ್ರಚಿಕಿತ್ಸೆಯೇ ಆಯಿತು.

ಕಥೆ ಸೊಗಸಾಗಿದೆ; ಅದಕ್ಕೇ ಎಚ್ಚರ ಬೇಕು. ಗುಂಪುಗಳು ಚಿಕ್ಕವು, ಚೀಟಿ ಎತ್ತಿ ಹಂಚಿದವಲ್ಲ. 2015ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹೋಲಿಸಿದಾಗ, ನಿಧಾನವಾಗಿ ಭಾರ ಎತ್ತಿ ಇಳಿಸುವ ಕ್ರಮವೂ ಅಷ್ಟೇ ಫಲ ಕೊಟ್ಟಿತು. ಹಾಗಾದರೆ ಗುಟ್ಟು ಇಳಿಸುವುದರಲ್ಲಷ್ಟೇ ಇಲ್ಲ. ಅಳತೆಯರಿತು, ತಾಳ್ಮೆಯಿಂದ ಹೊರುವ ಭಾರದಲ್ಲಿದೆ.

ನನ್ನ ಕಾಲಿಗೆ ಹನ್ನೆರಡು ವಾರ ಸಾಲಲಿಲ್ಲ, ಐದು ತಿಂಗಳು ಬೇಕಾಯಿತು. ಆ ಮೊದಲ ಮೂರು ತಿಂಗಳು ನನ್ನನ್ನು ಕೂರಿಸಿದ್ದು ನೋವಲ್ಲ, ಚೀಟಿಯ ಮೇಲಿದ್ದ ಒಂದು ಪದ.