ಅಜ್ಜಿಯ ಕೊಳಗ

ಅಜ್ಜಿ ತೀರಿಕೊಂಡ ಮೇಲೆ ಅವಳ ಸೀರೆ, ಓಲೆಗಳು ಹಂಚಿಹೋದವು. ಅಟ್ಟದ ಮೇಲಿದ್ದ ಹಳೆಯ ಕೊಳಗವನ್ನು ಯಾರೂ ಕೇಳಲಿಲ್ಲ. ನಾನು ತಂದಿಟ್ಟುಕೊಂಡೆ.

ಸಾಗರ ತಾಲ್ಲೂಕಿನ ಕಾಗೋಡು ಅಜ್ಜಿಯ ಊರಿಗೆ ನಡೆದು ಹೋಗುವಷ್ಟು ಹತ್ತಿರ. ಅಲ್ಲಿನ ರೈತ ಹೋರಾಟದ ಬಗ್ಗೆ ನಾನು ಮೊದಲು ಓದಿದ್ದು ಕಾಲೇಜಿನಲ್ಲಿ. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು, ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ರಜೆಗೆ ಹೋದಾಗ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, "ಕೊಡಕ್ಕೆ ಒಂದು ಕೊಳಗ, ತಗಳಕ್ಕೆ ಇನ್ನೊಂದು. ಅದಕ್ಕೇ ಜಗಳ ಎದ್ದಿದ್ದು" ಎಂದಳು.

ಇಡೀ ಚಳವಳಿಯ ಮೂಲ ಆ ಮಾತಿನಲ್ಲಿತ್ತು. ಗೇಣಿ ಭತ್ತ ಅಳೆದುಕೊಳ್ಳಲು ಒಡೆಯರು ದೊಡ್ಡ ಕೊಳಗ ಬಳಸುತ್ತಿದ್ದರು. ಒಂದೊಂದು ಅಳತೆಯಲ್ಲೂ ಹೆಚ್ಚು ಹೋದದ್ದು ಒಂದೆರಡು ಬೊಗಸೆಯೇ ಇರಬಹುದು. ಆದರೆ ಕಣ ಖಾಲಿಯಾಗುವಾಗ ಅದೇ ಮಳೆಗಾಲದ ಅನ್ನ. ಗದ್ದೆ ಉಳಲು ಇಳಿದ ಗೇಣಿದಾರರನ್ನು ಪೊಲೀಸರು ಹಿಡಿದೊಯ್ದರು. ಅವರಲ್ಲಿ ನನ್ನಜ್ಜನೂ ಇದ್ದ. ನನ್ನಮ್ಮ ಆಗ ಕಂಕುಳ ಕೂಸು. ಆ ದಿನಗಳಲ್ಲಿ ಮನೆ ನಡೆದದ್ದು ಹೇಗೆಂದು ಕೇಳಿದರೆ ಅಜ್ಜಿ, "ಗಂಜಿಗೆ ನೀರು ಜಾಸ್ತಿ ಹಾಕ್ತಿದ್ದೆ" ಎಂದಷ್ಟೇ ಹೇಳುತ್ತಿದ್ದಳು.

ಭೂಮಿ ಹುಣ್ಣಿಮೆಗೆ ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನ ಚಿತ್ತಾರ ಬರೆಯುವುದು ಅವಳ ಕೆಲಸ. ಬಸುರಿ ಮಗಳಿಗೆ ಬಡಿಸುವಂತೆ ಗದ್ದೆಗೆ ಎಡೆ ಒಯ್ಯುತ್ತಿದ್ದಳು. ಆ ಗದ್ದೆ ತಮ್ಮದಲ್ಲ ಎಂಬುದು ಆ ದಿನ ಅವಳಿಗೆ ನೆನಪಿರುತ್ತಿರಲಿಲ್ಲವೋ ಏನೋ.

ದೇವರಾಜ ಅರಸರ ಕಾಲದ ಭೂ ಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಅಜ್ಜ ಡಿಕ್ಲರೇಷನ್ ಕೊಟ್ಟ. ಭೂ ನ್ಯಾಯ ಮಂಡಳಿಯ ಆದೇಶ ಕೈಗೆ ಬಂದ ದಿನ ಊರಿನಲ್ಲಿ ಹಬ್ಬವಂತೆ. ಮುಂದೆ ಅಜ್ಜನ ಹೆಸರಿನ ಪಹಣಿ ಮಾವಂದಿರ ಹೆಸರಿಗಾಯಿತು. ಅಮ್ಮ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿದಳು.

"ಉಳುವವನೇ ಹೊಲದೊಡೆಯ" ಎಂಬ ಘೋಷಣೆಯನ್ನು ಒಮ್ಮೆ ಅಜ್ಜಿಗೆ ಓದಿ ಹೇಳಿದ್ದೆ. ಅವಳು ನಕ್ಕಳು. "ಹೂಟಿ ಮಾಡಿದ್ದು ನಿಮ್ಮಜ್ಜನೇ, ಸುಳ್ಳಲ್ಲ. ನೆಟ್ಟಿದ್ದು ಯಾರು, ಕಳೆ ಕಿತ್ತಿದ್ದು ಯಾರು, ಕೊಯ್ದಿದ್ದು ಯಾರು?"

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಕಾನೂನು ನಮಗೆ ಅನ್ನ ಕೊಟ್ಟಿತು, ನನ್ನನ್ನು ಓದಿಸಿತು. ಅದನ್ನು ಹಗುರ ಮಾಡಲಾರೆ. ಆದರೆ ಒಡೆಯರ ಕೊಳಗದ ಮೋಸ ಕಂಡ ನಾವು, ಮನೆಯೊಳಗಿನ ಅಳತೆಯನ್ನು ಸರಿ ಮಾಡಿಕೊಳ್ಳಲಿಲ್ಲ. ಕೊಳಗ ಈಗ ನನ್ನ ಮೇಜಿನ ಮೇಲಿದೆ. ಕಾಗೋಡಿನ ಬಗ್ಗೆ ಏನಾದರೂ ಬರೆಯಲು ಕೂತಾಗಲೆಲ್ಲ, ಅಜ್ಜಿಯ ಪಾಲನ್ನು ಅಳೆದೆನೇ ಎಂದು ಅದು ಕೇಳುತ್ತದೆ.