ಪಕ್ಕದ ಮನೆಗೆ ಬಾಡಿಗೆಗೆ ಬಂದವರು

ಕ್ರಿಸ್‌ಮಸ್ ಹಬ್ಬದ ಹಿಂದಿನ ಸಂಜೆ, ಅಮೆರಿಕದ ಅಟ್ಲಾಂಟಾ ನಗರದ ಒಂದು ಬಡ ಕುಟುಂಬ. ಮನೆಯೆಲ್ಲ ಒರೆಸಿ ಓರಣ ಮಾಡಿ ಕಾಯುತ್ತಿದ್ದಾರೆ. ಬಾಗಿಲು ತಟ್ಟಿದ ಸದ್ದಾಗುತ್ತದೆ. ಊರಿನ ಇನ್ನೊಂದು ದಿಕ್ಕಿನ ಚರ್ಚಿನವರು ಬಣ್ಣದ ಕಾಗದ ಸುತ್ತಿದ ಆಟಿಕೆಗಳನ್ನು ಹೊತ್ತು ಒಳಗೆ ಬರುತ್ತಾರೆ. ಮಕ್ಕಳು ಕುಣಿದಾಡುತ್ತಾರೆ, ತಾಯಿ ಸಂಕೋಚದಲ್ಲೇ ನಗುತ್ತಾಳೆ. ತಂದೆ ಮಾತ್ರ ಸದ್ದಿಲ್ಲದೆ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿಬಿಡುತ್ತಾನೆ.

ರಾಬರ್ಟ್ ಲಪ್ಟನ್ ಎಂಬ ಕ್ರೈಸ್ತ ಸೇವಾಕಾರ್ಯಕರ್ತ ಇದನ್ನು ಕಂಡದ್ದು ಆ ಬಡಾವಣೆಗೇ ವಾಸಕ್ಕೆ ಬಂದ ಮೇಲೆ. ಇಂಥ ಉಡುಗೊರೆ ಹಂಚುವ ಏರ್ಪಾಡಿನಲ್ಲಿ ಅದುವರೆಗೆ ಅವರೂ ಇದ್ದವರೇ. ನೆರೆಯವರನ್ನು ಪ್ರೀತಿಸಬೇಕೆಂಬ ಮಾತಿಗೆ ಕ್ರೈಸ್ತರಲ್ಲಿ ಯಾರದೂ ತಕರಾರಿಲ್ಲ. ಆದರೆ ಹಿತ್ತಲ ಬಾಗಿಲು ಕಣ್ಣಿಗೆ ಬೀಳುವಷ್ಟು ಹತ್ತಿರ ಹೋಗಲು ನಗರಗಳಲ್ಲಿನ ಅವರ ಸೇವೆಗೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಆ ದಾರಿಯ ಆರಂಭದಲ್ಲಿ, ಕೈಗಾರಿಕೆಗಳಿಂದ ಕಿಕ್ಕಿರಿಯುತ್ತಿದ್ದ ಗ್ಲಾಸ್ಗೋದಲ್ಲಿ 1819ರಲ್ಲಿ ಥಾಮಸ್ ಚಾಮರ್ಸ್ ಎಂಬ ಪಾದ್ರಿ ಸೇಂಟ್ ಜಾನ್ಸ್ ಪ್ಯಾರಿಷ್ ವಹಿಸಿಕೊಂಡರು. ಸುಮಾರು 10,000 ಜನರಿದ್ದ ಆ ಪ್ರದೇಶವನ್ನು 25 ಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಡೀಕನ್‌ನನ್ನು, ಎಂದರೆ ಚರ್ಚಿನ ಸೇವಕನನ್ನು, ಗೊತ್ತುಮಾಡಿದರು. ಮನೆಮನೆಗೆ ಹೋಗಬೇಕು, ಕಷ್ಟ ಕೇಳಬೇಕು, ನೆಂಟರಿಂದ ನೆರೆಹೊರೆಯಿಂದ ನೆರವಾಗುತ್ತದೆಯೇ ಎಂದು ಮೊದಲು ನೋಡಬೇಕು, ಕೊನೆಗಷ್ಟೇ ಚರ್ಚಿನ ಹಣ. ಮಹಾನಗರದಲ್ಲೂ ಬಡವನಿಗೊಂದು ಹೆಸರಿದೆ ಎಂದು ತೋರಿಸಿದ್ದು ದೊಡ್ಡ ಕೆಲಸವೇ. ಆದರೂ ಮನೆಗೆ ಬಂದವನು ನೆರೆಯವನೋ ತಪಾಸಣೆಗೆ ಬಂದ ಅಧಿಕಾರಿಯೋ ಎಂಬ ಅನುಮಾನ ಬಡವರಿಗೆ ಬಾರದೆ ಇದ್ದೀತೇ? ಕೂಲಿ ಯಾಕಿಷ್ಟು ಕಡಿಮೆ ಎಂಬ ಪ್ರಶ್ನೆಗಂತೂ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಆ ಪ್ರಶ್ನೆಗೆ ಕೈಹಾಕಿದವರು 1865ರಲ್ಲಿ ಪೂರ್ವ ಲಂಡನ್ನಿನಲ್ಲಿ ಕೆಲಸ ಶುರುಮಾಡಿದ ವಿಲಿಯಂ ಬೂತ್. ಅದೇ ಮುಂದೆ ಸಾಲ್ವೇಶನ್ ಆರ್ಮಿಯಾಯಿತು. ಬೆಂಕಿಪೊಟ್ಟಣದ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆಗೆ ಹೆಣ್ಣುಮಕ್ಕಳ ದವಡೆ ಕೊಳೆಯುತ್ತಿದ್ದ ಕಾಲ ಅದು. ಬೂತ್ 1891ರಲ್ಲಿ ತಮ್ಮದೇ ಕಾರ್ಖಾನೆ ತೆರೆದು, ಕಡಿಮೆ ಅಪಾಯದ ಕೆಂಪು ರಂಜಕ ಬಳಸಿ, ಬೇರೆಡೆಗಿಂತ ಹೆಚ್ಚು ಕೂಲಿ ಕೊಟ್ಟರು. ಅವರು ಹಸಿದವರಿಗೆ ಹಾಕುತ್ತಿದ್ದ ಗಂಜಿಯ ಜೊತೆಗೆ ಉಪದೇಶವೂ ಇತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಹಸಿದವನಿಗೆ ಅನ್ನವನ್ನೂ ನಂಬಿಕೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡುವ ಕಡೆ ನೆರೆತನ ಉಳಿಯುವುದಿಲ್ಲ ಎಂದೇ ನನ್ನ ನಂಬಿಕೆ. ಇದು ಸೇವೆಯೋ ಮತಪ್ರಚಾರವೋ ಎಂದು ನಮ್ಮ ದೇಶದಲ್ಲಿ ಇವತ್ತಿಗೂ ಏಳುವ ಪ್ರಶ್ನೆಯನ್ನು ಸೇವೆಗೆ ಇಳಿದವರು ತಮಗೆ ತಾವೇ ಕೇಳಿಕೊಳ್ಳುತ್ತಿರಬೇಕು.

1884ರಲ್ಲಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟಾ ಪೂರ್ವ ಲಂಡನ್ನಿನಲ್ಲೇ ಟಾಯ್ನ್‌ಬೀ ಹಾಲ್ ತೆರೆದು, ವಿಶ್ವವಿದ್ಯಾಲಯದ ಯುವಕರನ್ನು ಬಡವರ ನಡುವೆ ವಾಸಕ್ಕೆ ಕರೆತಂದರು. ಬಂದು ಹೋಗುವುದರಿಂದ ಬಂದು ಇರುವುದರ ಕಡೆಗೆ ಅದೊಂದು ಹೆಜ್ಜೆ. ನ್ಯೂಯಾರ್ಕ್‌ನಲ್ಲಿ ವಾಲ್ಟರ್ ರೌಶೆನ್‌ಬುಶ್ 1886ರಿಂದ ಹನ್ನೊಂದು ವರ್ಷ ಬಡ ಜರ್ಮನ್ ವಲಸಿಗರ ಸಭೆಗೆ ಪಾಸ್ಟರ್ ಆಗಿದ್ದರು. ಪುಟ್ಟ ಮಕ್ಕಳ ಶವಪೆಟ್ಟಿಗೆಗಳ ಮುಂದೆ ನಿಂತು ನಿಂತು, ಒಬ್ಬೊಬ್ಬರ ಪಾಪದಂತೆ ಸಮಾಜದ ಪಾಪವೂ ಉಂಟು ಎಂಬ ತಿಳಿವಳಿಕೆಗೆ ಅವರು ಬಂದರು.

ಇವರೆಲ್ಲರ ನಡುವೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಜಪಾನಿನ ಟೊಯೊಹಿಕೊ ಕಾಗಾವಾ ಅವರಲ್ಲಿ. 1909ರ ಕ್ರಿಸ್‌ಮಸ್ ಹಿಂದಿನ ದಿನ, ಇಪ್ಪತ್ತೊಂದರ ಆ ವಿದ್ಯಾರ್ಥಿ ಕೋಬೆ ನಗರದ ಶಿನ್‌ಕಾವಾ ಕೊಳೆಗೇರಿಗೆ ಗಂಟುಮೂಟೆ ಸಮೇತ ಹೋದರು. ಇಕ್ಕಟ್ಟಾದ ಕೋಣೆಗೆ ರೋಗಿಗಳನ್ನೂ ದಿಕ್ಕಿಲ್ಲದವರನ್ನೂ ಕರೆದುಕೊಂಡರು. ಅಲ್ಲಿ ಅಂಟಿದ ಟ್ರಕೋಮಾ ಎಂಬ ಕಣ್ಣಿನ ರೋಗ ಅವರ ದೃಷ್ಟಿಯನ್ನು ಬದುಕಿಡೀ ಕಾಡಿತು. ಒಂದು ಕೋಣೆಯ ಕರುಣೆ ಕೊಳೆಗೇರಿಯನ್ನು ಕರಗಿಸಲಾರದು ಎಂಬುದು ಅವರಿಗೆ ತಿಳಿದದ್ದು ಅಲ್ಲಿಯೇ. ಮುಂದೆ ಕಾರ್ಮಿಕ ಸಂಘ ಕಟ್ಟಿದರು, 1921ರಲ್ಲಿ ಕೋಬೆಯಲ್ಲಿ ಗ್ರಾಹಕರ ಸಹಕಾರ ಸಂಘಕ್ಕೆ ಕಾರಣರಾದರು. ಬಡವನು ಕೈಚಾಚದೆ, ಪಾಲುದಾರನಾಗಿ ಅಕ್ಕಿ ಕೊಳ್ಳುವ ದಾರಿ ಅದು. ಆ ಸಂಘದ ಪರಂಪರೆಯೇ ಇಂದಿನ ಕೋಆಪ್ ಕೋಬೆ.

ಅಮೆರಿಕದಲ್ಲಿ ಈ ದಾರಿಗೆ ಸಿದ್ಧಾಂತದ ರೂಪ ಕೊಟ್ಟವರು ಕಪ್ಪು ಜನಾಂಗದ ಜಾನ್ ಪರ್ಕಿನ್ಸ್. ಅಣ್ಣನನ್ನು 1946ರಲ್ಲಿ ಮಿಸಿಸಿಪ್ಪಿಯ ಪೊಲೀಸನೊಬ್ಬ ಗುಂಡಿಟ್ಟು ಕೊಂದ ಮೇಲೆ ಕ್ಯಾಲಿಫೋರ್ನಿಯಾ ಸೇರಿದ್ದ ಅವರು, 1960ರಲ್ಲಿ ಅದೇ ಮಿಸಿಸಿಪ್ಪಿಗೆ ಮರಳಿದರು. 1970ರಲ್ಲಿ ಜೈಲಿನಲ್ಲಿ ಬಿಳಿಯ ಪೊಲೀಸರು ಅವರನ್ನು ಸಾಯುವಂತೆ ಬಡಿದರು. ಅದಾದ ಮೇಲೂ ಅವರು ಹೇಳಿದ್ದು ಮೂರು ಮಾತು: ಬಡವರ ನಡುವೆ ಹೋಗಿ ನೆಲೆಸಿ, ಜನಾಂಗಗಳ ನಡುವೆ ಸಂಧಾನ ಮಾಡಿ, ಸಂಪತ್ತನ್ನೂ ಅವಕಾಶವನ್ನೂ ಹಂಚಿಕೊಳ್ಳಿ. ಲೂಕನ ಸುವಾರ್ತೆಯ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರೆಯವನಾದ ಸಮಾರ್ಯದವನೂ ಹಗೆಯ ಕುಲದವನೇ ಅಲ್ಲವೇ! ಪರ್ಕಿನ್ಸ್ ಅವರ ದಾರಿ ಹಿಡಿದವರು 1989ರಲ್ಲಿ ಒಂದು ರಾಷ್ಟ್ರೀಯ ಒಕ್ಕೂಟವನ್ನೇ ಕಟ್ಟಿಕೊಂಡರು.

ಷಿಕಾಗೋದ ನಾರ್ತ್ ಲಾಂಡೇಲ್‌ನಲ್ಲಿ ಅಂಥವರಲ್ಲೊಬ್ಬರಾದ ವೇಯ್ನ್ ಗಾರ್ಡನ್ 1975ರಿಂದ ನೆಲೆಸಿದ್ದರು. ಅಲ್ಲಿನ ಪುಟ್ಟ ಸಭೆಯವರು ಒಮ್ಮೆ ಕೂತು ತಮ್ಮ ಬಡಾವಣೆಗೆ ಏನೇನು ಬೇಕೆಂದು ಪಟ್ಟಿ ಮಾಡಿದಾಗ ಮುಂದೆ ಬಂದ ಬೇಡಿಕೆ, ಭಯವಿಲ್ಲದೆ ಬಟ್ಟೆ ಒಗೆಯಲು ಒಂದು ಜಾಗ! ದೇವಶಾಸ್ತ್ರ ಓದಿದ ಯಾರಿಗೂ ಅದು ಹೊಳೆಯುವಂಥದ್ದಲ್ಲ. ಮೊದಲು ಬಂದದ್ದು ವಾಷಿಂಗ್ ಮಷೀನು. 1984ರಲ್ಲಿ ಆರೋಗ್ಯ ಕೇಂದ್ರವೂ ಬಂತು.

ಲಪ್ಟನ್ ಕೂಡ ಉಡುಗೊರೆ ಹೊತ್ತೊಯ್ಯುವುದನ್ನು ಬಿಟ್ಟು ಅಗ್ಗದ ಆಟಿಕೆಗಳ ಅಂಗಡಿ ಇಟ್ಟರು. ಕೈಯಲ್ಲಿ ಕಾಸಿಲ್ಲದ ತಂದೆತಾಯಿಗೆ ಅಲ್ಲೇ ಕೆಲಸ, ಆ ಸಂಬಳದಲ್ಲೇ ಮಕ್ಕಳಿಗೆ ಆಟಿಕೆ. ಈಗ ಅಪ್ಪ ಹಿತ್ತಲಿಗೆ ಹೋಗಬೇಕಿರಲಿಲ್ಲ.

ಹೊಸ ತೊಡಕು ಎದ್ದದ್ದು ಗೆಲುವಿನಿಂದಲೇ. ಬಡಾವಣೆ ಸುಧಾರಿಸಿತೆಂದರೆ ಬಾಡಿಗೆ ಏರುತ್ತದೆ, ಹಳೆಯ ನೆರೆಯವರು ಗಂಟುಮೂಟೆ ಕಟ್ಟಬೇಕಾಗುತ್ತದೆ. ಹಾಗಾಗಿ ಬಡವರು ಕೊಳ್ಳಬಲ್ಲ ಮನೆಗಳನ್ನು ಮೊದಲೇ ಕಟ್ಟಿಸಿಡುವುದೂ ಈಗ ಈ ಸೇವೆಯ ಭಾಗವಾಗಿದೆ.

ಇನ್ನು ಮನೆಯೇ ಇಲ್ಲದವರ ಪಕ್ಕದ ಮನೆಗೆ ಹೋಗುವುದು ಹೇಗೆ? ಬೆಂಗಳೂರಿನಲ್ಲಿ 1980ರಲ್ಲಿ, ಗುರುಪಟ್ಟಕ್ಕಾಗಿ ಓದುತ್ತಿದ್ದ ಸಲೇಷಿಯನ್ ಎಂಬ ಕ್ಯಾಥೊಲಿಕ್ ಸಭೆಯ ಕೆಲವು ಯುವಕರು ಬೀದಿಯಲ್ಲಿ ಬದುಕುವ ಮಕ್ಕಳ ಬಳಿಗೆ ಹೋಗತೊಡಗಿದರು. ಮಕ್ಕಳು ಇದ್ದಲ್ಲಿಗೇ ಹೋಗಿ ಕೂರುವುದು, ಮಾತಾಡುವುದು, ನಂಬಿಕೆ ಹುಟ್ಟುವವರೆಗೆ ಕಾಯುವುದು. ಅದರಿಂದ ಬೆಳೆದ ಸಂಸ್ಥೆ ಬಾಸ್ಕೊ. ತಮ್ಮ ಸಭೆಯ ಸ್ಥಾಪಕ ಸಂತ ಡಾನ್ ಬಾಸ್ಕೊ ಅವರ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಅವರು ಕನ್ನಡಕ್ಕೆ ಬಿಡಿಸಿಕೊಂಡರು: ಬೆಂಗಳೂರು ಓಣಿಯವರ ಸೇವಾ ಕೂಟ. ಚಿಂದಿ ಆಯುವ, ಎಲ್ಲರೂ ಏಕವಚನದಲ್ಲೇ ಗದರುವ ಆ ಹುಡುಗರನ್ನು ಅಲ್ಲಿ ಕರೆದದ್ದು ಓಣಿಯವರು ಎಂದು.